ಡೊಂಬಿವಲಿಯಲ್ಲಿ ಕೂತು ಕನ್ನಡದಲ್ಲೇ ಅತ್ತುಬಿಡಿ: ಮುಂಬಯಿ ಕನ್ನಡಿಗರಿಗೆ ಆನ್‌ಲೈನ್ ಕೌನ್ಸೆಲಿಂಗ್ ಮಾರ್ಗದರ್ಶಿ

ಅಪ್ಪಯ್ಯ ತೀರಿಕೊಂಡಾಗ ನಾನು ಕುಂದಾಪುರದ ಹತ್ತಿರದ ನಮ್ಮ ಊರಲ್ಲಿ ಹದಿನಾರು ದಿನ ಇದ್ದೆ. ಉತ್ತರಕ್ರಿಯೆ ಮುಗಿಯಿತು. ಬಂದವರಿಗೆಲ್ಲ ಊಟ ಬಡಿಸಿದ್ದಾಯಿತು. ಮತ್ಸ್ಯಗಂಧ ಹತ್ತಿ ಮುಂಬಯಿಗೆ ಬಂದೆ. ಮರುದಿನ ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಫೋರ್ಟ್‌ನ ಆಫೀಸಿಗೆ ಹೋದೆ. ಎಲ್ಲರೂ "ಗಟ್ಟಿ ಹೆಂಗಸು" ಅಂದರು. ನಾಲ್ಕು ತಿಂಗಳ ಮೇಲೆ ಒಂದು ದಿನ ದಾದರ್ ಸ್ಟೇಷನ್ನಿನಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುವುದನ್ನು ಕಂಡೆ. ಅಷ್ಟೇ. ಕಾಲು ಮುಂದೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತವಳು ಐದು ಲೋಕಲ್ ಬಿಟ್ಟೆ.

ಆ ವಾರವೇ ಮೊಬೈಲಿನಲ್ಲಿ ಕೌನ್ಸೆಲಿಂಗ್ ಹುಡುಕಿದೆ. ಮೊದಲ ಸಲ ಎಡವಿದೆ. ಒಂದು ಆ್ಯಪ್‌ನಲ್ಲಿ ನಾಲ್ಕು ಸೆಷನ್ನಿನ ಪ್ಯಾಕೇಜಿಗೆ ಮೊದಲೇ ದುಡ್ಡು ಕಟ್ಟಿದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುತ್ತೆ, ದಿನವಿಡೀ ಅದರಲ್ಲೇ ಮೇಲ್ ಬರೆಯುತ್ತೇನೆ. ಆದರೆ "ಬೇಜಾರು" ಅನ್ನುವುದಕ್ಕೆ "ಸ್ಯಾಡ್" ಅಂದಾಗ ನನ್ನ ಮಾತು ನನಗೇ ಬೇರೆ ಯಾರದ್ದೋ ಅನ್ನಿಸಿತು. ಎರಡನೇ ಸೆಷನ್ನಿಗೆ ಬೇರೆ ಯಾರೋ ಬಂದರು, ಮತ್ತೆ ಮೊದಲಿಂದ ಹೇಳಬೇಕಾಯಿತು. ಬಿಟ್ಟೆ. ಉಳಿದ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಧಾರವಾಡದಲ್ಲಿ ಕೂತು ವಿಡಿಯೊದಲ್ಲಿ ಮಾತಾಡುವ ಕನ್ನಡದ ಆಪ್ತಸಮಾಲೋಚಕಿಯೊಬ್ಬರು ಸಿಕ್ಕರು. ಅವರು ಮೊದಲು ಕೇಳಿದ್ದು, "ತಂದೆಯವರನ್ನ ನೀವು ಏನಂತ ಕರೀತಿದ್ರಿ?" ಅಂತ. "ಅಪ್ಪಯ್ಯ" ಅಂದೆ. ನಾಲ್ಕು ತಿಂಗಳಿಂದ ಆ ಪದವನ್ನು ನಾನು ಯಾರನ್ನೂ ಕರೆಯಲು ಬಳಸಿರಲಿಲ್ಲ. ಅವತ್ತು ಅತ್ತದ್ದು ಸುಮಾರು ಇಪ್ಪತ್ತು ನಿಮಿಷ. ಅವರು ಸುಮ್ಮನೆ ಕೂತಿದ್ದರು.

ಮುಂಬಯಿಯಲ್ಲಿ ಒಂದು ರೂಮ್-ಕಿಚನ್‌ನಲ್ಲಿ, ಹೋಟೆಲಿನ ಮೇಲಿನ ಮಾಳಿಗೆಯಲ್ಲಿ, ಪಿಜಿಯಲ್ಲಿ ಇರುವ ನಮ್ಮವರಿಗೆ ಇದು ಹೇಗೆ ಸಾಧ್ಯ ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು

ಸಾಯಬೇಕು ಅನ್ನಿಸುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ, ಮುಂದಿನದನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ. ಜೀವಕ್ಕೆ ಅಪಾಯ ಕಣ್ಣೆದುರಿಗೇ ಇದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿ. ಆ ವ್ಯಕ್ತಿಯನ್ನು ಒಬ್ಬರನ್ನೇ ಬಿಡಬೇಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಹೋಗದೆ ಇರಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಪರಿಗಣಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಅಂತಲೂ ಹೇಳುತ್ತದೆ.

ಕೌನ್ಸೆಲಿಂಗ್ ಬೇಕಾ ಬೇಡವಾ

"ಇಷ್ಟಕ್ಕೆಲ್ಲ ಕೌನ್ಸೆಲಿಂಗಾ?" ಅಂತ ಮನೆಯವರು ಕೇಳುತ್ತಾರೆ. ನಾವೂ ಒಳಗೊಳಗೇ ಕೇಳಿಕೊಳ್ಳುತ್ತೇವೆ. ಹುಚ್ಚು ಹಿಡಿದವರಿಗೆ ಮಾತ್ರ ಅನ್ನುವುದು ತಪ್ಪು. ಬದುಕು ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವಾಗಲೂ ಆಸರೆ ಬೇಕಾಗುತ್ತೆ. ಹುಬ್ಬಳ್ಳಿಯಿಂದ ಮದುವೆಯಾಗಿ ಭಾಷೆ ತಿಳಿಯದ ಚಾಳಿಗೆ ಬಂದ ಹುಡುಗಿ. ಮೂವತ್ತು ವರ್ಷ ನಡೆಸಿದ ಹೋಟೆಲನ್ನು ಬಿಟ್ಟುಕೊಟ್ಟು ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗಿ ಮಾಡಲು ಏನೂ ಇಲ್ಲದೆ ಕೂರುವ ಅಣ್ಣ. ಊರ ಮನೆಗೆ ಬೀಗ ಹಾಕಿ ಮಗನ ಹತ್ತನೇ ಮಹಡಿಯ ಫ್ಲ್ಯಾಟಿಗೆ ಬಂದ ಅಮ್ಮ. ಕೆಲಸ ಹೋದವರು, ವಿಚ್ಛೇದನ ಆದವರು, ಹೆರಿಗೆ ಆದವರು. ಇವರೆಲ್ಲರಿಗೂ ಇದು ಸಲ್ಲುತ್ತದೆ.

ನನ್ನ ಅಳತೆ ಸುಲಭ. ನಿದ್ದೆ, ಊಟ, ಕೆಲಸ, ಜನರ ಜೊತೆ ಮಾತು. ಈ ನಾಲ್ಕರಲ್ಲಿ ಎರಡು ಕೆಟ್ಟು ಎರಡು ವಾರ ದಾಟಿದೆ ಅಂದರೆ ಫೋನ್ ಮಾಡಿ. ಅದಕ್ಕಿಂತ ಕಡಿಮೆ ಇದ್ದರೂ ಮಾಡಬಹುದು. ನಮ್ಮಲ್ಲಿ ಮನಸ್ಸಿನ ನೋವು ಮೈಯಲ್ಲಿ ಜಾಸ್ತಿ ಕಾಣಿಸಿಕೊಳ್ಳುತ್ತದೆ ಅನ್ನುವುದೂ ನೆನಪಿರಲಿ. ಎದೆ ಭಾರ, ಗ್ಯಾಸ್, ತಲೆ ಸಿಡಿತ, ಕೈಕಾಲು ಸೋತ ಹಾಗೆ. ಇವಕ್ಕೆ ಮೊದಲು ಫ್ಯಾಮಿಲಿ ಡಾಕ್ಟರ್ ಹತ್ತಿರ ತೋರಿಸಿ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಇದ್ದರೂ ಹೀಗೇ ಆಗುತ್ತದೆ, ಎದೆನೋವನ್ನಂತೂ "ಟೆನ್ಷನ್" ಅಂತ ತಳ್ಳಿಹಾಕಲೇಬಾರದು.

ಹಂತ 1: ಭಾಷೆ ಯಾವುದು ಅಂತ ಮೊದಲು ತೀರ್ಮಾನಿಸಿ

ಎಲ್ಲರೂ ಫೀಸಿನಿಂದ ಶುರು ಮಾಡುತ್ತಾರೆ. ನಾನು ಭಾಷೆಯಿಂದ ಶುರು ಮಾಡಿ ಅನ್ನುತ್ತೇನೆ. ನೀವು ಕನಸಿನಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಸಿಟ್ಟು ಬಂದಾಗ ಬಾಯಿಗೆ ಬರುವುದು ಯಾವುದು? ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಜನರಿಗೆ ಅದು ತುಳು, ಕೊಂಕಣಿ ಅಥವಾ ಬ್ಯಾರಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಹಿಂದಿ ಇರಬಹುದು, ಮರಾಠಿ ಇರಬಹುದು. ಅದರಲ್ಲಿ ತಪ್ಪೇನಿಲ್ಲ. ಅವರಿಗೆ ಅದೇ ಭಾಷೆಯವರನ್ನು ಹುಡುಕಿ. ಕನ್ನಡವೇ ಬೇಕು ಅಂತ ಮಕ್ಕಳ ಮೇಲೆ ಹೇರಬೇಡಿ.

ಕನ್ನಡದ ಸಮಾಲೋಚಕರನ್ನು ಮುಂಬಯಿಯಲ್ಲೇ ಹುಡುಕಬೇಕಿಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ಎಲ್ಲಿದ್ದರೂ ಆಗುತ್ತೆ. ಆನ್‌ಲೈನ್‌ನ ದೊಡ್ಡ ಲಾಭವೇ ಅದು. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ. ಇಲ್ಲಿ ನಮ್ಮ ಲೋಕ ಸಣ್ಣದು. ಮಾಟುಂಗದ ಕಾರ್ಯಕ್ರಮದಲ್ಲಿ ಪಕ್ಕ ಕೂತವರೇ ಕುರ್ಲಾದ ಮದುವೆಯಲ್ಲೂ ಸಿಗುತ್ತಾರೆ. ದೂರದ ಊರಿನ ಸಮಾಲೋಚಕರು ಈ ಸುತ್ತಿನ ಹೊರಗಿರುತ್ತಾರೆ. ಅವರು ನಿಮ್ಮ ತಾಲೂಕಿನವರೇ ಆಗಿದ್ದರೆ ಮಾತ್ರ ಮನೆಯವರ ಪರಿಚಯ ಇದೆಯಾ ಅಂತ ಮೊದಲೇ ಕೇಳಿಬಿಡಿ.

ಹಂತ 2: ಎಲ್ಲಿ ಸಿಗುತ್ತಾರೆ, ಎಷ್ಟು ಖರ್ಚು

ದುಡ್ಡಿಲ್ಲದ ದಾರಿಯಲ್ಲಿ ಟೆಲಿ ಮಾನಸ್ ಮೊದಲನೆಯದು. 14416 ಅಥವಾ 1800-891-4416. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡವೂ ಸೇರಿ 20 ಭಾಷೆಗಳಲ್ಲಿ ನಡೆಯುತ್ತದೆ. ಕರೆ ಮಾಡಿದ ಕೂಡಲೇ ಭಾಷೆ ಆರಿಸಿಕೊಳ್ಳಿ. ಹಿಂದಿ ಮಾತಾಡುವವರು ಸಿಕ್ಕರೆ "ನನಗೆ ಕನ್ನಡದವರು ಬೇಕು" ಅಂತ ನೇರ ಹೇಳಿ. ಮೊದಲು ಮಾತಾಡುವವರು ತರಬೇತಿ ಪಡೆದ ಸಮಾಲೋಚಕರು. ಹೆಚ್ಚಿನ ನೆರವು ಬೇಕಾದರೆ ಅವರೇ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಎರಡಕ್ಕೆ ನಿದ್ದೆ ಬರದೆ ಕೂತವರಿಗೆ ಇದು ದೊಡ್ಡ ಆಸರೆ. ಆದರೆ ಪ್ರತಿ ವಾರ ಒಬ್ಬರ ಜೊತೆಗೇ ಕೂತು ಮಾತಾಡುವ ಕೌನ್ಸೆಲಿಂಗ್‌ಗೆ ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಮುಂಬಯಿಯದ್ದೇ ಆದ ಐಕಾಲ್ ಇನ್ನೊಂದು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಿಂದ ನಡೆಸುತ್ತಿದೆ. ಫೋನ್, ಇಮೇಲ್, ಚಾಟ್ ಮೂಲಕ ಮಾತಾಡಬಹುದು. ಸಮಯ ಮತ್ತು ಭಾಷೆಯನ್ನು ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡು ಮಾಡಿ.

ಕಂಪನಿ ಕೆಲಸದಲ್ಲಿದ್ದರೆ ಎಚ್‌ಆರ್ ಪೋರ್ಟಲ್‌ನಲ್ಲಿ "ಇಎಪಿ" (ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ, ಅಂದರೆ ನೌಕರರಿಗೆ ನೆರವಿನ ಯೋಜನೆ) ಅಂತ ಹುಡುಕಿ. ಎಷ್ಟೋ ಕಂಪನಿಗಳು ಕೆಲವು ಸೆಷನ್ನುಗಳನ್ನು ಉಚಿತವಾಗಿ ಕೊಡುತ್ತವೆ, ನೌಕರರಿಗೆ ಗೊತ್ತೇ ಇರುವುದಿಲ್ಲ. ಎಷ್ಟು ಸೆಷನ್, ಕನ್ನಡದವರು ಇದ್ದಾರಾ, ಆಫೀಸಿಗೆ ಏನು ವರದಿ ಹೋಗುತ್ತೆ, ಈ ಮೂರನ್ನು ಕೇಳಿ. ಮೂರನೆಯದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ.

ಖಾಸಗಿಯವರ ಫೀಸು ಐನೂರರ ಆಸುಪಾಸಿನಿಂದ ಎರಡು ಸಾವಿರ ದಾಟುವವರೆಗೂ ಇರುತ್ತೆ. ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. "ನನಗೆ ಇಷ್ಟೇ ಕೊಡಲು ಆಗೋದು, ಕಡಿಮೆ ಮಾಡಬಹುದಾ?" ಅಂತ ಕೇಳಲು ಸಂಕೋಚ ಬೇಡ. ಆದಾಯ ನೋಡಿ ಫೀಸು ಇಳಿಸುವವರು ಇದ್ದಾರೆ. ಒಂದೇ ಸೆಷನ್ನಿಗೆ ದುಡ್ಡು ಕಟ್ಟಿ, ಹೊಂದುತ್ತಾ ನೋಡಿ, ಆಮೇಲೆ ಮುಂದಿನದ್ದು. ಇನ್ನು ವಿಮೆ. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ಭೇದ ಮಾಡಬಾರದು ಅಂತ 2017ರ ಕಾಯ್ದೆ ವಿಮಾ ಕಂಪನಿಗಳಿಗೆ ಹೇಳಿದೆ. ಆದರೆ ನಮ್ಮ ಪಾಲಿಸಿಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ ಮಾತ್ರ. ಒಪಿಡಿ ಕವರ್, ಅಂದರೆ ಆಸ್ಪತ್ರೆಗೆ ಸೇರದೆ ತೋರಿಸಿಕೊಂಡ ಖರ್ಚಿಗೂ ದುಡ್ಡು ಸಿಗುತ್ತಾ ಅಂತ ಏಜೆಂಟರನ್ನು ಕೇಳಿ.

ಹಂತ 3: ಯಾರು ಅಂತ ಪರೀಕ್ಷಿಸಿ

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮೇಲೆ ಮನೋರೋಗ ಚಿಕಿತ್ಸೆ ಓದಿದ ಡಾಕ್ಟರ್. ಮಾತ್ರೆ ಬರೆಯಬಲ್ಲವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ನೋಂದಣಿ ಸಂಖ್ಯೆ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಆಪ್ತಸಮಾಲೋಚಕರು ಅಥವಾ ಕೌನ್ಸೆಲರ್‌ಗಳು ಸಾಮಾನ್ಯವಾಗಿ ಮನಶ್ಶಾಸ್ತ್ರ ಇಲ್ಲವೇ ಸಮಾಜಕಾರ್ಯದಲ್ಲಿ ಎಂಎ, ಎಂಎಸ್ಸಿ, ಎಂಎಸ್‌ಡಬ್ಲ್ಯು ಮಾಡಿರುತ್ತಾರೆ. ಇವರಲ್ಲಿ ಅನೇಕರ ಹೆಸರು ಆರ್‌ಸಿಐ ಪಟ್ಟಿಯಲ್ಲಿ ಇರುವುದಿಲ್ಲ, ಹಾಗಂತ ಅವರು ಕೆಟ್ಟವರಲ್ಲ. ಒತ್ತಡ, ಅಗಲಿಕೆ, ಬದುಕಿನ ಬದಲಾವಣೆಗೆ ಒಳ್ಳೆಯ ಕೌನ್ಸೆಲರ್ ಸಾಕು. ಕಷ್ಟ ಅಂದರೆ ಎರಡು ದಿನದ ಕೋರ್ಸ್ ಮಾಡಿ "ಕೋಚ್", "ಹೀಲರ್" ಅಂತ ಬೋರ್ಡ್ ಹಾಕಿಕೊಂಡವರದ್ದು.

ಕೇಳಿ: ಏನು ಓದಿದ್ದೀರಿ? ಎಲ್ಲಿ ತರಬೇತಿ ಪಡೆದಿರಿ? ಸಾವಿನ ದುಃಖದಲ್ಲಿರುವವರ ಜೊತೆ ಕೆಲಸ ಮಾಡಿದ್ದೀರಾ? ಕಷ್ಟದ ಕೇಸ್ ಬಂದಾಗ ಯಾರ ಹತ್ತಿರ ಚರ್ಚಿಸುತ್ತೀರಿ? ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಒಳ್ಳೆಯವರಿಗೆ ಅವರದ್ದೇ ಹಿರಿಯ ಮಾರ್ಗದರ್ಶಕರು ಇರುತ್ತಾರೆ, ಈ ಪ್ರಶ್ನೆಗೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

"ಹದಿನೈದು ದಿನದಲ್ಲಿ ಗುಣ" ಅನ್ನುವವರು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅನ್ನುವವರು, ನಿಮ್ಮ ಜಾತಕ ಕೇಳುವವರು, ರಾತ್ರಿ ಹೊತ್ತು ಸುಮ್ನೆ ಮೆಸೇಜ್ ಮಾಡುವವರು ಸಿಕ್ಕರೆ ಅಲ್ಲಿಗೇ ಬಿಡಿ.

ಹಂತ 4: ಬಾಗಿಲು ಹಾಕಿಕೊಳ್ಳುವ ಜಾಗ

ಮುಂಬಯಿಯಲ್ಲಿ ಎಲ್ಲಕ್ಕಿಂತ ಕಷ್ಟದ ಹಂತ ಇದು. ಕೌನ್ಸೆಲರ್ ಸಿಗುತ್ತಾರೆ, ಒಂದು ಗಂಟೆಯ ಏಕಾಂತ ಸಿಗುವುದಿಲ್ಲ.

ನಮ್ಮದು ಒಂದು ಬೆಡ್‌ರೂಮಿನ ಮನೆ. ಅತ್ತೆ ಹಾಲ್‌ನಲ್ಲಿ, ಮಕ್ಕಳು ಬೆಡ್‌ರೂಮಿನಲ್ಲಿ. ನಾನು ಅಡುಗೆಮನೆಯ ಬಾಗಿಲು ಎಳೆದುಕೊಂಡು ಅಕ್ಕಿ ಡಬ್ಬಿಗೆ ಫೋನ್ ಆನಿಸಿ ನೆಲದ ಮೇಲೆ ಕೂರುತ್ತಿದ್ದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮಾತು ಹೊರಗೆ ಕೇಳುವುದಿಲ್ಲ. ಬಾಗಿಲ ಹೊರಗೆ ಒಂದು ಟವೆಲ್ ನೇತುಹಾಕುತ್ತಿದ್ದೆ, ಅದು ಇದ್ದರೆ ಯಾರೂ ಕರೆಯಬಾರದು ಅಂತ ಮನೆಯಲ್ಲಿ ಒಪ್ಪಂದ. "ಆಫೀಸ್ ಮೀಟಿಂಗ್" ಅಂತ ಮೊದಲು ಸುಳ್ಳು ಹೇಳುತ್ತಿದ್ದೆ. ಮೂರನೇ ವಾರ ಅತ್ತೆಗೆ ನಿಜ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ಗುರುವಾರ ಏಳೂವರೆಗೆ ಅವರೇ ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

ಬೇರೆಯವರು ಮಾಡುವುದನ್ನೂ ನೋಡಿದ್ದೇನೆ. ಸೊಸೈಟಿಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು, ಕಿಟಕಿ ಸ್ವಲ್ಪ ಇಳಿಸಿಕೊಂಡು ಮಾತಾಡುತ್ತಾರೆ. ಆಫೀಸಿನ ಖಾಲಿ ಮೀಟಿಂಗ್ ರೂಮಿನಲ್ಲಿ ಊಟದ ಹೊತ್ತು. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಮಧ್ಯಾಹ್ನ ಮೂರರಿಂದ ಐದರ ಬಿಡುವೇ ಸಮಯ. ರೂಮಿನಲ್ಲಿ ಎಂಟು ಜನ ಮಲಗಿರುತ್ತಾರೆ, ಹಾಗಾಗಿ ಹತ್ತಿರದ ಗಾರ್ಡನ್ನಿನ ಮೂಲೆಯ ಬೆಂಚು, ಇಯರ್‌ಫೋನ್, ಬರೀ ಆಡಿಯೊ. ಅದೂ ಆಗದವರು ಚಾಟ್‌ನಲ್ಲಿ ಬರೆದು ಮಾತಾಡಬಹುದು. ಲೋಕಲ್ ಟ್ರೈನಿನಲ್ಲಿ ಮಾತ್ರ ಬೇಡ. ಜನ ಕೇಳುತ್ತಾರೆ ಅಂತ ಮಾತ್ರ ಅಲ್ಲ, ಅತ್ತರೆ ಇಳಿಯುವ ಸ್ಟೇಷನ್ ದಾಟಿಹೋಗುತ್ತೆ.

ಹೊಡೆಯುವ, ಹೆದರಿಸುವ ಮನೆಯಲ್ಲಿದ್ದರೆ ಹೊರಗಿನಿಂದಲೇ ಮಾತಾಡಿ. ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಒಂದು ಗುಟ್ಟಿನ ಪದವನ್ನು ಸಮಾಲೋಚಕರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ. ಕಾಲ್ ಲಿಸ್ಟ್ ಅಳಿಸಿ.

ಹಂತ 5: ಮೊದಲ ದಿನ

ನೀರಿನ ಲೋಟ, ಕರವಸ್ತ್ರ, ಚಾರ್ಜರ್. ಇಷ್ಟು ಹತ್ತಿರ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಚೀಟಿಯಲ್ಲಿ ಮೂರು ಸಾಲು ಬರೆಯಿರಿ. ಏನಾಯಿತು, ಯಾವಾಗಿಂದ, ಈಗ ಯಾವುದು ಮಾಡಲು ಆಗುತ್ತಿಲ್ಲ. ಮಾತು ಸಿಗದಿದ್ದರೆ ಅದನ್ನೇ ಓದಿಬಿಡಿ.

ಅವರು ಶುರುವಿನಲ್ಲಿ ಒಪ್ಪಿಗೆ ಕೇಳುತ್ತಾರೆ. ನೀವು ಇರುವ ವಿಳಾಸ ಮತ್ತು ತುರ್ತಿಗೆ ಒಬ್ಬರ ನಂಬರ್ ಬೇಕು ಅನ್ನಬಹುದು. ಹೆದರಬೇಡಿ, ದೂರ ಇರುವವರಿಗೆ ಅದು ಬೇಕೇ ಬೇಕು. ನೀವು ಹೇಳಿದ್ದನ್ನು ಅವರು ಗುಟ್ಟಾಗಿ ಇಡಬೇಕು. ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದಾಗ ಅವರು ಬೇರೆಯವರಿಗೆ ತಿಳಿಸಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ರೆಕಾರ್ಡ್ ಮಾಡುತ್ತೀರಾ ಅಂತ ನೀವೂ ಕೇಳಿ. ನೀವೂ ಅವರಿಗೆ ಹೇಳದೆ ಮಾಡಬೇಡಿ.

ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು. ಕಳೆದ ಎರಡು ವಾರದಲ್ಲಿ ನಿದ್ದೆ, ಹಸಿವು, ಆಸಕ್ತಿ ಹೇಗಿತ್ತು ಅಂತ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ. ಸತ್ಯ ಬರೆಯಿರಿ. ಕೆಲವು ವಾರ ಬಿಟ್ಟು ಮತ್ತೆ ಬರೆದಾಗ ಎಲ್ಲಿದ್ದೆವು, ಎಲ್ಲಿಗೆ ಬಂದೆವು ಅಂತ ಕಾಣುತ್ತದೆ.

ಕುಡಿತ, ಸಾಲ, ಹಿಂದೆ ತೆಗೆದುಕೊಂಡ ಮಾತ್ರೆ, ಸಾಯುವ ಯೋಚನೆ. ಇವನ್ನು ಬಚ್ಚಿಡಬೇಡಿ. ನಾವು ಮುಚ್ಚಿಟ್ಟಿದ್ದರ ಸುತ್ತಲೇ ತಿಂಗಳುಗಟ್ಟಲೆ ಸುತ್ತುತ್ತೇವೆ.

ಹಂತ 6: ನಡುವಿನ ವಾರಗಳು

ಒತ್ತಡಕ್ಕೆ ಬಂದವರಿಗೆ ಮನೆಕೆಲಸ ಸಿಗುತ್ತೆ. ಉಸಿರಾಟ, ನಿದ್ದೆಯ ಸಮಯ, ಬಾಸ್‌ಗೆ "ಆಗಲ್ಲ" ಅನ್ನುವುದನ್ನು ಹೇಳಿ ಅಭ್ಯಾಸ ಮಾಡುವುದು. ಮಾಡಿ ನೋಡಿ. ಮಾಡದಿದ್ದರೆ ಮಾಡಲಿಲ್ಲ ಅಂತ ಹೇಳಿ, ಯಾಕೆ ಆಗಲಿಲ್ಲ ಅನ್ನುವುದರಲ್ಲೇ ವಿಷಯ ಇರುತ್ತೆ.

ಸಾವಿನ ದುಃಖ ಬೇರೆ ತರಹ. ಅದಕ್ಕೆ ಐದು ಹಂತ ಇದೆ, ಒಂದೊಂದಾಗಿ ದಾಟಬೇಕು ಅಂತ ಎಲ್ಲೆಲ್ಲೂ ಬರೆದಿರುತ್ತಾರೆ. 1969ರಲ್ಲಿ ಆ ಐದು ಹಂತಗಳನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದು ಮೆಟ್ಟಿಲಿನ ಹಾಗೆ ಸಾಗುವುದಿಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಹೇಳಿದ್ದು ನನಗೆ ಹೆಚ್ಚು ಸರಿ ಅನ್ನಿಸಿತು. ಮನಸ್ಸು ಎರಡು ಕಡೆ ಓಡಾಡುತ್ತದೆ. ಒಮ್ಮೆ ಹೋದವರ ಕಡೆ, ಒಮ್ಮೆ ಇರುವ ಕೆಲಸದ ಕಡೆ. ಬೆಳಿಗ್ಗೆ ಅತ್ತು ಮಧ್ಯಾಹ್ನ ನಕ್ಕರೆ ಅದು ಮರೆವೂ ಅಲ್ಲ, ನಾಟಕವೂ ಅಲ್ಲ. ನಾನು ಅಪ್ಪಯ್ಯನ ಹೆಸರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಹೇಳದೆ ಉಳಿದದ್ದನ್ನು ಕುಂದಾಪುರ ಕನ್ನಡದಲ್ಲೇ ಬರೆದೆ. ಆರನೇ ಸೆಷನ್ನಿನಲ್ಲಿ ಅದರ ಒಂದು ಪುಟ ಗಟ್ಟಿಯಾಗಿ ಓದಿದೆ.

ದುಃಖ ಎಷ್ಟು ದಿನ? ಅದಕ್ಕೆ ಗಡುವು ಹಾಕಲು ಬರುವುದಿಲ್ಲ. ಆದರೆ ಆರು ತಿಂಗಳು, ಒಂದು ವರ್ಷ ಕಳೆದರೂ ದಿನವಿಡೀ ಅದೇ ಆಗಿ, ಬದುಕು ನಿಂತೇ ಹೋಗಿದ್ದರೆ ಅದಕ್ಕೆ ವಿಶೇಷ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕವೂ ಸೇರಿದೆ. ಅದರ ಬಗ್ಗೆ ಸಮಾಲೋಚಕರ ಹತ್ತಿರ ನೇರ ಕೇಳಿ.

ಹಂತ 7: ಹೊಂದದಿದ್ದರೆ, ಸಾಲದಿದ್ದರೆ

ಎರಡು ಮೂರು ಸೆಷನ್ ಆದ ಮೇಲೂ ಅವರ ಹತ್ತಿರ ಮನಸ್ಸು ಬಿಚ್ಚಲು ಆಗದಿದ್ದರೆ ಹೇಳಿ. "ನನಗೆ ಇದು ಹೊಂದುತ್ತಿಲ್ಲ, ಬೇರೆ ಯಾರನ್ನಾದರೂ ತಿಳಿಸುತ್ತೀರಾ?" ಅನ್ನುವುದು ಅವಮಾನ ಅಲ್ಲ. ಸುಮ್ಮನೆ ಮಾಯವಾಗುವುದಕ್ಕಿಂತ ಇದು ಮೇಲು.

ಆನ್‌ಲೈನ್ ಸಾಲದ ಸಂದರ್ಭಗಳೂ ಇವೆ. ಇಲ್ಲದ ದನಿ ಕೇಳುವುದು, ದಿನಗಟ್ಟಲೆ ನಿದ್ದೆಯೇ ಇಲ್ಲದೆ ವಿಪರೀತ ಚುರುಕು, ಕುಡಿತ ಬಿಟ್ಟಾಗ ಕೈ ನಡುಕ, ಊಟ ಪೂರ್ತಿ ಬಿಟ್ಟಿರುವುದು, ಸಾಯುವ ಯೋಜನೆ. ಇವಕ್ಕೆ ಎದುರಾಎದುರು ಡಾಕ್ಟರ್ ಬೇಕು. ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಯಾನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಠಾಣೆಯ ಕಡೆಯವರಿಗೆ ಅಲ್ಲಿನ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತೆ. ಜೊತೆಗೆ ಹಿಂದಿ ಅಥವಾ ಮರಾಠಿ ಚೆನ್ನಾಗಿ ಬರುವವರನ್ನು ಕರೆದುಕೊಂಡು ಹೋಗಿ. 2020ರ ಮಾರ್ಚ್‌ನ ನಿಯಮಗಳ ಪ್ರಕಾರ ಡಾಕ್ಟರ್‌ಗಳು ವಿಡಿಯೊದಲ್ಲೂ ಮಾತ್ರೆ ಬರೆಯಬಹುದು. ಆದರೆ ಎಲ್ಲ ಮಾತ್ರೆಗಳನ್ನೂ ಹಾಗೆ ಬರೆಯುವಂತಿಲ್ಲ. ಮಾತ್ರೆಯ ಜೊತೆಗೆ ಕೌನ್ಸೆಲಿಂಗೂ ಸಾಗಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಮನೆಯ ಹಿರಿಯರಿಗೆ ಇದನ್ನು ಹೇಳುವಾಗ "ಕೌನ್ಸೆಲಿಂಗ್" ಅನ್ನುವ ಪದವೇ ಬೇಡ. "ಧಾರವಾಡದವರೊಬ್ಬರು ಇದ್ದಾರೆ, ಕನ್ನಡದಲ್ಲಿ ಮಾತಾಡ್ತಾರೆ, ಒಂದು ಸಲ ಮಾತಾಡಿ ನೋಡಿ ಅಮ್ಮ" ಅಂದರೆ ಸಾಕು. ಫೋನ್ ಹಚ್ಚಿಕೊಟ್ಟು ನೀವು ಕೆಳಗೆ ಹೋಗಿ ಹಾಲು ತನ್ನಿ. ಪಕ್ಕದಲ್ಲೇ ಕೂತರೆ ಅವರು ಸೊಸೆಯ ವಿಷಯ ಹೇಳುವುದಿಲ್ಲ, ಅಲ್ವಾ?

ಹಂತ 8: ನಿಲ್ಲಿಸುವುದು

ಎಷ್ಟು ಸೆಷನ್ ಅಂತ ಮೊದಲೇ ಹೇಳಲಾಗದು. ನನಗೆ ಹನ್ನೊಂದು ಬೇಕಾಯಿತು. ಕೊನೆಗೆ ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ತಿಂಗಳಿಗೊಮ್ಮೆ. ಹಠಾತ್ತಾಗಿ ನಿಲ್ಲಿಸಬೇಡಿ. ಕೊನೆಯ ದಿನ ಕೇಳಿಟ್ಟುಕೊಳ್ಳಿ: ಮತ್ತೆ ಬೇಕಾದರೆ ಹೇಗೆ ಸಂಪರ್ಕಿಸಲಿ? ಯಾವ ಲಕ್ಷಣ ಕಂಡರೆ ಕಾಯದೆ ಫೋನ್ ಮಾಡಲಿ?

ಕ್ಯಾಲೆಂಡರಿನಲ್ಲಿ ಕಷ್ಟದ ದಿನಗಳನ್ನು ಗುರುತು ಹಾಕಿ. ಹುಟ್ಟುಹಬ್ಬ, ಚೌತಿ, ತೀರಿಕೊಂಡ ದಿನ. ವರ್ಷಾಂತಿಕಕ್ಕೆ ಊರಿಗೆ ಹೋಗುವುದಿದ್ದರೆ ಹೊರಡುವ ಹಿಂದಿನ ದಿನ ಒಂದು ಸೆಷನ್, ವಾಪಸ್ ಬಂದ ವಾರದಲ್ಲಿ ಒಂದು, ಎರಡನ್ನೂ ಟಿಕೆಟ್ ಮಾಡಿಸುವಾಗಲೇ ಗೊತ್ತು ಮಾಡಿಕೊಳ್ಳಿ. ಪ್ರಯಾಣದ ನಡುವೆ ಇಟ್ಟುಕೊಳ್ಳಬೇಡಿ. ಕೊಂಕಣ ರೈಲಿನ ದಾರಿ ತುಂಬ ಸುರಂಗ. ರತ್ನಗಿರಿಯ ಹತ್ತಿರದ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಇದೆ, ಅಲ್ಲಿ ಫೋನ್ ಸಿಗುವುದಿಲ್ಲ.